ವಿಳಾಸ ಯಾರ ಹೆಸರಿಗೆ

ನನಗೆ ಸಂಶಯ ಜಾಸ್ತಿ. ನಮ್ಮವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಹಾಲಿನವಳು ಅಳೆಯುವಾಗ ನಾನು ಪಾತ್ರೆಯನ್ನು ನೋಡುವುದಿಲ್ಲ, ಅವಳ ಹೆಬ್ಬೆರಳು ಅಳತೆಯೊಳಗೆ ಎಷ್ಟು ಮುಳುಗಿದೆ ಎಂದು ನೋಡುತ್ತೇನೆ. ಸಂತೆಯಲ್ಲಿ ಖಾಲಿ ತಕ್ಕಡಿಯನ್ನು ಮೊದಲು ಎತ್ತಿ ತೋರಿಸು ಅನ್ನುತ್ತೇನೆ. ನಮ್ಮವರು ಹೈಸ್ಕೂಲು ಮಾಸ್ತರರು, ಎಲ್ಲರನ್ನೂ ನಂಬುವ ಜಾತಿ. "ಇಕಿ ಗುಡ್ಯಾಗ ತೀರ್ಥ ಕೊಟ್ರೂ ಮೂಸಿ ನೋಡಿ ಕುಡೀತಾಳ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ. ನಗಲಿ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿಕೊಂಡೇ ಕುಡಿಯುತ್ತಾರೆ. ನನ್ನ ಬಾಯಿ ಸುಟ್ಟದ್ದು ಒಂದು ಸಹಿಯಿಂದ.

ನನ್ನ ತವರು ರಾಯಬಾಗ ತಾಲೂಕಿನ ಅಲಖನೂರ. ಕಬ್ಬಿನ ಹೊಲ, ಬಾವಿ, ಕಲ್ಲುಹಾಸಿನ ಪಡಸಾಲೆಯ ಮನೆ. ಎರಡು ಸಾವಿರದ ಇಸವಿ ಕಳೆದು ನಾಲ್ಕಾರು ವರ್ಷಕ್ಕೆ ಅಪ್ಪ ತೀರಿಕೊಂಡ. ಉಳಿದವರು ಅವ್ವ, ಇಬ್ಬರು ಅಣ್ಣಂದಿರು ಮತ್ತು ಮದುವೆಯಾಗಿ ಚಿಕ್ಕೋಡಿಗೆ ಬಂದಿದ್ದ ನಾನು. ದೊಡ್ಡಣ್ಣ ಊರಲ್ಲಿ ಹೊಲ ನೋಡಿಕೊಳ್ಳುತ್ತಿದ್ದ. ಸಣ್ಣಣ್ಣ ನಿಪ್ಪಾಣಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಲಗ್ನಪತ್ರಿಕೆ ಅಚ್ಚು ಮಾಡಿಕೊಡುವ ಅಂಗಡಿ ಇಟ್ಟಿದ್ದ. ಇಲ್ಲಿಂದ ಮುಂದೆ ನಾನು ಬರಿ ಅಣ್ಣ ಅಂದರೆ ಈ ನಿಪ್ಪಾಣಿಯವನೇ. ಸಣ್ಣವಳಿದ್ದಾಗ ನನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆ ಟವಲ್ ಸುತ್ತಿ ಕೂರಿಸಿಕೊಂಡು ಶಾಲೆಗೆ ಒಯ್ದವನು ಇವನು.

ಅಪ್ಪನ ಕಾರ್ಯಗಳೆಲ್ಲ ಮುಗಿದು ತಿಂಗಳಾಗಿತ್ತು. ಅಣ್ಣ ಬೆಳಿಗ್ಗೆಯೇ ಚಿಕ್ಕೋಡಿಗೆ ಬಂದ. "ಅಪ್ಪನ ಹೆಸರ ತೆಗದು ವಾರಸದಾರರ ಹೆಸರ ಹಚ್ಚಬೇಕಲ್ಲ, ನಿಂದೊಂದು ಸಹಿ ಬೇಕಂತ. ಹೋಗಿ ಬಂದಬಿಡೂಣು ನಡಿ" ಅಂದ. ನಾನು ಸೆರಗು ಸರಿಮಾಡಿಕೊಂಡು ಹೊರಟೆ. ನೋಂದಣಿ ಕಚೇರಿಯ ಮೇಜಿನ ಮುಂದೆ ನಿಂತಾಗ ಅವನು ಜೇಬಿನಿಂದ ಅಪ್ಪನ ಶಾಯಿ ಪೆನ್ನು ತೆಗೆದುಕೊಟ್ಟ. "ಅಪ್ಪನ ಪೆನ್ನಿಂದ ಮಾಡು" ಅಂದ. ಆ ಪೆನ್ನು ಕಂಡದ್ದೇ ತಡ ನನ್ನ ಕಣ್ಣು ತುಂಬಿ ಬಂತು. ಕಾಗದದ ಮೇಲಿನ ಅಕ್ಷರಗಳೆಲ್ಲ ಕಲಸಿಹೋದವು. ಅವನು ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಮಾಡಿದೆ. ಆಮೇಲೆ ಊರಿಗೆ ಕರೆದುಕೊಂಡು ಹೋದ. ವೈನಿ, ಅಂದರೆ ದೊಡ್ಡಣ್ಣನ ಹೆಂಡತಿ, ಹಸಿರು ಸೀರೆಯೊಂದನ್ನು ಮಡಿಲಿಗೆ ಹಾಕಿ ಅರಿಷಿಣ ಕುಂಕುಮ ಹಚ್ಚಿದಳು. ಅವ್ವ ರೊಟ್ಟಿ ಬಡಿಸಿದಳು, ಆದರೆ ನನ್ನ ಮುಖ ನೋಡಲಿಲ್ಲ. ಗಂಡನನ್ನು ಕಳೆದುಕೊಂಡ ದುಃಖ ಅಂದುಕೊಂಡೆ.

ಮುಂದಿನ ವರ್ಷ ನಾನು ಕನ್ನಡ ಟೈಪಿಂಗ್ ಕಲಿತು, ಚಿಕ್ಕೋಡಿಯ ಕೋರ್ಟಿನ ಹಿಂದಿನ ಸಾಲಿನಲ್ಲಿ ಬಾಂಡ್ ಬರೆಯುವ ಹಿರಿಯರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದೆ. ಖರೀದಿ ಪತ್ರ, ಪಾಲು ಹಂಚುವ ವಾಟ್ನಿ ಪತ್ರ, ಮುಂಗಡದ ಸಂಚಕಾರ ಪತ್ರ, ಎಲ್ಲ ಟೈಪ್ ಮಾಡುವುದು. ಸೇರಿ ಮೂರು ವಾರವೂ ಆಗಿರಲಿಲ್ಲ, ಹಕ್ಕು ಬಿಡುಗಡೆ ಪತ್ರವೊಂದು ಬಂತು. "ಸಹೋದರರ ಮೇಲಿನ ಪ್ರೀತಿ ವಿಶ್ವಾಸದಿಂದ, ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಸದರಿ ಆಸ್ತಿಯಲ್ಲಿಯ ನನ್ನ ಸಮಸ್ತ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ." ಟೈಪ್ ಮಾಡುತ್ತಿದ್ದ ನನ್ನ ಕೈ ನಿಂತುಹೋಯಿತು. "ಸಮಸ್ತ" ಎನ್ನುವ ಶಬ್ದವನ್ನು ನಾನು ಎಲ್ಲೋ ನೋಡಿದ್ದೆ. ಕಣ್ಣೀರಿನ ನಡುವೆ, ಅಪ್ಪನ ಪೆನ್ನಿನ ಮೊನೆಯ ಪಕ್ಕದಲ್ಲಿ.

ಆ ಪತ್ರದ ನಕಲು ತೆಗೆಸಿದೆ. ಸಂಶಯ ನಿಜವಾಗಿತ್ತು. ಹೊಲದಲ್ಲಿ, ಬಾವಿಯಲ್ಲಿ, ಮನೆಯಲ್ಲಿ ನನ್ನದೇನೂ ಉಳಿದಿರಲಿಲ್ಲ. ಇನ್ನೂ ಒಂದು ಸಂಗತಿ ಕಣ್ಣಿಗೆ ಬಿತ್ತು. ನನ್ನ ಈಗಿನ ಹೆಸರಿನ ಮುಂದೆ "ಉರ್ಫ್" ಎಂದು ಹಾಕಿ ನನ್ನ ಹಳೆಯ ಹೆಸರನ್ನೂ ಬರೆದಿದ್ದರು. ನಮ್ಮ ಕಡೆ ಅನೇಕ ಮನೆಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುತ್ತಾರೆ, ಅಡ್ಡಹೆಸರಷ್ಟೇ ಅಲ್ಲ, ಕರೆಯುವ ಹೆಸರನ್ನೇ. ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಕ್ಕಿಯನ್ನು ಮರುದಿನ ಅನ್ನ ಮಾಡುತ್ತಾರೆ. ನನ್ನ ರೇಶನ್ ಕಾರ್ಡು, ಮತದಾರರ ಚೀಟಿ, ಬ್ಯಾಂಕಿನ ಪುಸ್ತಕ ಎಲ್ಲ ಅಕ್ಕಿಯ ಹೆಸರಿನಲ್ಲಿಯೇ ಇವೆ. ಹುಟ್ಟಿದ ಹೆಸರು ಕಡೆಯದಾಗಿ ಕಾಗದದ ಮೇಲೆ ಬಿದ್ದದ್ದು ಆ ಬಿಡುಗಡೆ ಪತ್ರದಲ್ಲಿ. ಬಿಟ್ಟುಕೊಡುವುದಕ್ಕೆ ಮಾತ್ರ ಅದು ಬೇಕಾಗಿತ್ತು.

ಜಗಳ ಮಾಡಲಿಲ್ಲ. ಯಾಕೆ ಅಂದರೆ, ಪಾಲು ಕೇಳಿದ ಹೆಣ್ಣುಮಕ್ಕಳ ಗತಿ ಏನಾಗುತ್ತದೆ ಎಂದು ಬಾಂಡ್ ಬರೆಯುವಲ್ಲಿ ದಿನಾ ನೋಡುತ್ತಿದ್ದೆ. "ತವರು ಬೇಕೇನ, ಹೊಲಾ ಬೇಕೇನ?" ಎಂದು ಹಿರಿಯರು ಒಂದು ಮಾತು ಕೇಳುತ್ತಾರೆ, ಅಷ್ಟಕ್ಕೆ ಮುಗಿಯಿತು. ಅವ್ವ ಇನ್ನೂ ಇದ್ದಳು. ನನಗೆ ತವರು ಬೇಕಾಗಿತ್ತು. ಪಂಚಮಿಗೆ ಹೋದೆ, ಉಂಡಿ ತಿಂದೆ, ಅಣ್ಣನ ಹತ್ತಿರ ಹವಾಮಾನದ ಮಾತಾಡಿ ಬಂದೆ. ಎರಡು ವರ್ಷಕ್ಕೆ ಅವ್ವನೂ ಹೋದಳು.

ಬ್ಲಾಗು ಶುರುವಾದದ್ದು ಆಮೇಲೆ, ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ. ಬಾಂಡ್ ಬರೆಯುವವರು ಕಂಪ್ಯೂಟರಿಗೆ ಇಂಟರ್‌ನೆಟ್ ಹಾಕಿಸಿದ್ದರು. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನನಗೆ ಒಂದು ತಾಸು ಬಿಡುವು. ಪುಕ್ಕಟೆ ಬ್ಲಾಗು ಕೊಡುವ ಕಂಪನಿಯೊಂದು ಇತ್ತು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನುವವಳಲ್ಲ ನಾನು. ಪುಕ್ಕಟೆ ಯಾಕೆ ಕೊಡುತ್ತಾನೆ ಎಂದು ಹದಿನೈದು ದಿನ ಯೋಚನೆ ಮಾಡಿದೆ. ಕೊನೆಗೆ ತೆರೆದೆ. ತವರುಮನೆಯ ಒಂದೊಂದು ಸಾಮಾನಿನ ಬಗ್ಗೆ ಒಂದೊಂದು ಬರಹ. ನೆಲದಡಿಯ ಹಗೇವಿನೊಳಗಿನ ಜೋಳದ ವಾಸನೆ, ತೂಗುವ ನೆಲವಿನ ಮೇಲಿನ ಬೆಣ್ಣೆಯ ಗಡಿಗೆ, ಕದದ ಅಗಳಿಗೆ ಬಿದ್ದ ಕೈಯ ನುಣುಪು, ಅವ್ವನ ಬೀಸುಕಲ್ಲಿನ ಗೂಟ. ಅಣ್ಣಂದಿರು ಕಾಗದದಲ್ಲಿ ಬರೆಸಿಕೊಂಡರು, ನಾನು ಇಲ್ಲಿ ಬರೆದುಕೊಂಡೆ. ನನ್ನ ಪಾಲು ಅಂದರೆ ಇಷ್ಟೇ. ಬ್ಲಾಗಿಗೆ ನಮ್ಮ ತವರುಮನೆಯ ಅಡ್ಡಹೆಸರನ್ನೇ ಇಟ್ಟೆ. ಬರೆದವರ ಹೆಸರು ಕೇಳುವ ಜಾಗವನ್ನು ಖಾಲಿ ಬಿಟ್ಟೆ. ಯಾವ ಹೆಸರು ಬರೆಯಬೇಕು ಎನ್ನುವುದೇ ತಿಳಿಯಲಿಲ್ಲ.

ಮೂರ್ನಾಲ್ಕು ವರ್ಷದಲ್ಲಿ ಓದುವವರು ಕೂಡಿದರು. ಕಾಗವಾಡದ ಕಡೆ ದ್ರಾಕ್ಷಿ ತೋಟದ ಮನೆಯ ಹೆಣ್ಣುಮಗಳೊಬ್ಬಳು ಪ್ರತಿ ಬರಹದ ಕೆಳಗೂ ಏನಾದರೊಂದು ಬರೆಯುತ್ತಿದ್ದಳು. ಒಮ್ಮೆ ಅವಳು ಹೀಗೆ ಬರೆದಳು: "ಅಕ್ಕಾರ, ನಿಮ್ಮ ವಿಳಾಸದ ಬಾಲದಾಗ ಆ ಕಂಪನಿ ಹೆಸರೈತಿ. ನಾಳೆ ಅವರು ಅಂಗಡಿ ಮುಚ್ಚಿದ್ರ ನಿಮ್ಮನ್ನ ಎಲ್ಲಿ ಹುಡುಕೂದು? ಸ್ವಂತ ಹೆಸರಿನ ವಿಳಾಸ ತಗೊಂಡು ಇದಕ್ಕ ಜೋಡಿಸ್ರಿ. ಮುಂದ ಸಾಮಾನು ಬ್ಯಾರೆ ಕಡೆ ಒಯ್ದ್ರೂ ದಾರಿ ತಪ್ಪೂದಿಲ್ಲ."

ಮಾತು ಮನಸ್ಸಿಗೆ ನಾಟಿತು. ಆದರೆ ಸ್ವಂತ ವಿಳಾಸ ಅಂದರೆ ಯಾರದೋ ಹೆಸರಿನಲ್ಲಿ ನೋಂದಣಿ ಆಗಬೇಕು. ಅಥಣಿಯ ಚಪ್ಪಲಿ ವ್ಯಾಪಾರಿಯೊಬ್ಬ ನಮ್ಮ ಬಾಂಡ್ ಬರೆಯುವವರ ಹತ್ತಿರ ಬಂದು ಅತ್ತದ್ದನ್ನು ನಾನೇ ನೋಡಿದ್ದೆ. ಅವನ ಅಂಗಡಿಯ ಹೆಸರಿನ ವಿಳಾಸವನ್ನು ವೆಬ್‌ಸೈಟ್ ಮಾಡಿಕೊಟ್ಟವನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿದ್ದನಂತೆ. ಜಗಳವಾದ ಮರುದಿನ ವ್ಯಾಪಾರಿಯ ಅಜ್ಜನ ಕಾಲದ ಅಂಗಡಿಯ ಹೆಸರು ಇಂಟರ್‌ನೆಟ್ಟಿನಲ್ಲಿ ಬೇರೆಯವನ ಮಾಲಾಯಿತು. ಹೆಸರು ಯಾರ ಮೇಲಿದೆಯೋ ಆಸ್ತಿ ಅವರದು. ಹೊಲವಿರಲಿ, ವಿಳಾಸವಿರಲಿ.

ಅದನ್ನು ಕೊಳ್ಳಬೇಕಾದರೆ ಆಗ ಕ್ರೆಡಿಟ್ ಕಾರ್ಡು ಬೇಕಿತ್ತು. ನಮ್ಮವರ ಹತ್ತಿರ ಇರಲಿಲ್ಲ. ಚಿಕ್ಕೋಡಿಯ ನೆಟ್ ಸೆಂಟರಿನವನ ಹತ್ತಿರ ಇತ್ತು, ಅವನನ್ನು ನಾನು ನಂಬುತ್ತಿರಲಿಲ್ಲ. ಪರಿಚಯದಲ್ಲಿ ಕಾರ್ಡೂ ಇದ್ದು ಕಂಪ್ಯೂಟರೂ ಬಲ್ಲವನು ಒಬ್ಬನೇ, ನಿಪ್ಪಾಣಿಯ ಅಣ್ಣ. ಅವನನ್ನಂತೂ ಎಲ್ಲರಿಗಿಂತ ಕಡಿಮೆ ನಂಬುತ್ತಿದ್ದೆ.

"ಮತ್ಯಾಕ ಚಿಂತಿ? ಅಣ್ಣಗ ಹೇಳು" ಅಂದರು ನಮ್ಮವರು.

"ಆ ಅಡ್ಡಹೆಸರು ಅಂವಂದು. ನಂದಲ್ಲ. ನಮ್ಮ ಮನಿತನದ ಹೆಸರು, ನನ್ನ ಹೆಸರಿಗಿ ಇರಲಿ ಅಂತ ಅಂವ ಇಟ್ಕೊಂಡ್ರ ಏನ್ಮಾಡ್ಲಿ?"

"ಇಟ್ಕೊಂಡು ಏನ್ಮಾಡ್ತಾನ, ಅಂವ ಬರೀತಾನೇನು?"

"ಹೊಲದಾಗಾದ್ರೂ ಅಂವ ಎಲ್ಲಿ ದುಡೀತಾನ್ರಿ?" ಅಂದೆ. ನಮ್ಮವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ತಿಂಗಳು ಕಳೆಯಿತು. ಆ ವಿಳಾಸವನ್ನು ಬೇರೆ ಯಾರಾದರೂ ತೆಗೆದುಕೊಂಡುಬಿಟ್ಟರೆ ಎನ್ನುವ ಭಯ ಅಣ್ಣನ ಭಯಕ್ಕಿಂತ ದೊಡ್ಡದಾದ ದಿನ ಅವನಿಗೆ ಫೋನು ಮಾಡಿದೆ. ಬ್ಲಾಗಿನ ವಿಷಯ ಅವನಿಗೆ ಗೊತ್ತೇ ಇಲ್ಲ ಅಂದುಕೊಂಡಿದ್ದೆ. "ಹೂಂ, ಗೊತ್ತೈತಿ" ಅಂದ. ಅಷ್ಟಕ್ಕೇ ನನ್ನ ಕಿವಿ ನಿಮಿರಿತು. ಹೇಗೆ ಗೊತ್ತು, ಯಾವಾಗಿಂದ ಗೊತ್ತು ಎಂದು ಕೇಳಲಿಲ್ಲ. ಪಾಟೀಸವಾಲು ಮಾಡುವ ವಕೀಲರು ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುವುದಿಲ್ಲ ಎಂದು ಕೋರ್ಟಿನ ಹಿಂದೆ ಕೂತು ಕಲಿತಿದ್ದೆ. ನನ್ನ ಈಮೇಲ್ ವಿಳಾಸ ಕೇಳಿದ. ಯಾಕೆ ಅಂದೆ. "ಬೇಕಾಗತೈತಿ ಬೇ" ಅಂದ. ಎರಡು ಸಲ ಯೋಚಿಸಿ ಕೊಟ್ಟೆ. ಅದೇ ದಿನ ಖರೀದಿ ಮುಗಿಯಿತು ಎಂದು ಮೆಸೇಜು ಬಂತು. ಹಣವನ್ನು ನಮ್ಮವರ ಕೈಯಲ್ಲಿ ಕೂಡಲೇ ಕಳಿಸಿದೆ. ಅವನದೇನೂ ನನ್ನ ಮೇಲೆ ಉಳಿಯುವುದು ಬೇಡವಾಗಿತ್ತು.

ಇನ್ನು ಜೋಡಿಸುವ ಕೆಲಸ. ವಿಳಾಸದ ಕೀಲಿಗಳು ಅಣ್ಣನ ಹತ್ತಿರ, ಬ್ಲಾಗಿನ ಪಾಸ್‌ವರ್ಡು ನನ್ನ ಹತ್ತಿರ. ಒಬ್ಬರೇ ಮಾಡಿದರೆ ಹತ್ತು ನಿಮಿಷದ ಕೆಲಸ. ಪಾಸ್‌ವರ್ಡು ನಾನು ಕೊಡಲಿಲ್ಲ, ಅವನೂ ಕೇಳಲಿಲ್ಲ. ಹಾಗಾಗಿ ಅವನು ನಿಪ್ಪಾಣಿಯ ಅಂಗಡಿಯಲ್ಲಿ, ನಾನು ಚಿಕ್ಕೋಡಿಯ ಬಾಂಡ್ ಬರೆಯುವವರ ಖೋಲಿಯಲ್ಲಿ, ನಡುವೆ ಫೋನು. ನಾನು ಬ್ಲಾಗಿನ ಸೆಟ್ಟಿಂಗಿಗೆ ಹೋಗಿ ಹೊಸ ವಿಳಾಸವನ್ನು ಬರೆದು ಒತ್ತಿದೆ. ಕೂಡಲೇ ಕೆಂಪಕ್ಷರದಲ್ಲಿ ತಕರಾರು ಬಂತು: ಈ ವಿಳಾಸ ನಿಮ್ಮದೇ ಎನ್ನುವುದಕ್ಕೆ ಆಧಾರವಿಲ್ಲ.

"ನೋಡು, ಅದಕ್ಕೂ ಸಂಶಯ" ಅಂದೆ.

"ಇರಬೇಕಲ್ಲ ಮತ್ತ" ಅಂದ ಅಣ್ಣ. "ಕೆಳಗ ಎರಡು ಸಾಲು ಕೊಟ್ಟಿರತಾನ, ಓದು. ಅವನ್ನ ನಾ ಇತ್ತಾಗ ವಿಳಾಸದ ಕಡೆ ಬರೀತೀನಿ. ಇಲ್ಲಿ ಬರಿಯೂದು ಮಾಲಕನ ಕೈಲಿ ಅಷ್ಟ ಆಗತೈತಿ. ಅತ್ತಾಗಿನದು ಇತ್ತಾಗಿನದು ತಾಳೆ ನೋಡಿ, ಖರೇ ಅಂತ ಒಪ್ಕೋತಾನ."

ಮೊದಲನೆಯ ಸಾಲು ಸಣ್ಣದು. ಎರಡನೆಯದು ಅಕ್ಷರ, ಅಂಕಿ ಕಲಸಿದ ಉದ್ದನೆಯ ಗುರುತು. ಫೋನಿನಲ್ಲಿ ಒಂದೊಂದೇ ಅಕ್ಷರ ಒಪ್ಪಿಸಿದೆ. "ಜಿ, ಗಣಪತಿ ಜಿ. ವಿ, ಯಡೂರ ವೀರಭದ್ರನ ವಿ. ಆಮ್ಯಾಲ ಏಳು." ಅವನು ತಿರುಗಿ ಓದಿ ಹೇಳುವುದು, ನಾನು ತಾಳೆ ನೋಡುವುದು. ಬಾಂಡ್ ಬರೆಯುವವರು ಊಟ ಮುಗಿಸಿ ಬಂದು ಬಾಗಿಲಲ್ಲಿ ನಿಂತು, "ಏನವ್ವಾ, ದೇವರ ನಾಮಸ್ಮರಣಿ ನಡಸೀಯೇನು?" ಅಂದರು. ಅಣ್ಣನ ನಗು ಫೋನಿನಲ್ಲಿ ಕೇಳಿಸಿತು. ನನಗೂ ನಗು ಬಂತು. ಇಷ್ಟು ವರ್ಷಗಳ ಮೇಲೆ ಅವನ ಜೊತೆ ನಗುತ್ತಿದ್ದೇನೆ ಎಂದು ಹೊಳೆದ ಕೂಡಲೇ ನಿಲ್ಲಿಸಿಬಿಟ್ಟೆ. ಪೆನ್ನು ಕೊಟ್ಟಾಗಲೂ ಹೀಗೇ ಮನಸ್ಸು ಕರಗಿತ್ತು.

ಮರುದಿನ ಮಧ್ಯಾಹ್ನ ಹೊಸ ವಿಳಾಸ ಬರೆದು ನೋಡಿದರೆ ನನ್ನ ಬ್ಲಾಗು ತೆರೆಯಿತು. ಮೇಲೆ ಕಂಪನಿಯ ಬಾಲವಿಲ್ಲ. ನಮ್ಮ ಮನೆತನದ ಹೆಸರು ಒಂದೇ, ತನ್ನ ಕಾಲ ಮೇಲೆ ನಿಂತಿತ್ತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ.

ಯಾವ ವಿಳಾಸ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಪುಟಗಳು ಇಂಟರ್‌ನೆಟ್ಟಿನಲ್ಲಿ ಇರುತ್ತವೆ. ಹೊಲಕ್ಕೆ ಉತಾರ ಇದ್ದ ಹಾಗೆ, ನಂಬರು ಹಾಕಿದರೆ ಮಾಲೀಕನ ಹೆಸರು ಬರುತ್ತದೆ. ನಾನು ವಿಳಾಸ ಹಾಕಿದೆ. ಮಾಲೀಕನ ಹೆಸರಿನ ಜಾಗದಲ್ಲಿ ನನ್ನ ಹೆಸರೂ ಇರಲಿಲ್ಲ, ಅಣ್ಣನ ಹೆಸರೂ ಇರಲಿಲ್ಲ. ಯಾವುದೋ ಪರದೇಶದ ಕಂಪನಿಯ ಹೆಸರಿತ್ತು, ಕೆಳಗೆ ಮಾಲೀಕರ ವಿವರವನ್ನು ಗುಪ್ತವಾಗಿ ಇಡಲಾಗಿದೆ ಎಂದಿತ್ತು. ಗುಪ್ತ! ಬಚ್ಚಿಡುವಂಥದ್ದು ಏನಿದೆ? ಬಾಂಡ್ ಬರೆಯುವಲ್ಲಿ ಕೂತು ಇಂಥವನ್ನು ಎಷ್ಟು ನೋಡಿಲ್ಲ ನಾನು. ನಿಜವಾದ ಮಾಲೀಕ ಹಿಂದೆ ಕೂತು ಮುಂದೆ ಯಾರನ್ನೋ ನಿಲ್ಲಿಸುವುದು ಹಳೆಯ ಆಟ. ಅಣ್ಣನಿಗೆ ಫೋನು ಮಾಡಲಿಲ್ಲ. ಆ ಪುಟವನ್ನು ಪ್ರಿಂಟು ತೆಗೆದು, ತಾರೀಖು ಬರೆದು, ಬಿಡುಗಡೆ ಪತ್ರದ ನಕಲು ಇದ್ದ ಟ್ರಂಕಿನಲ್ಲಿ ಇಟ್ಟೆ.

ಅದೇ ವಾರ ಇನ್ನೊಂದು ಆಯಿತು. ನನ್ನ ಈಮೇಲಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಕಳಿಸಿದವರು ಯಾರೋ ಗೊತ್ತಿಲ್ಲ. ಮೊದಲ ಸಾಲಿನಲ್ಲಿ "ಪ್ರಿಯ" ಎಂದು ಬರೆದು, ಮುಂದೆ ನನ್ನ ಹುಟ್ಟಿದ ಹೆಸರು. ಕೆಳಗೆ, ಇಲ್ಲಿ ಒತ್ತಿ ಖಾತ್ರಿಪಡಿಸಿ, ಇಲ್ಲದಿದ್ದರೆ ಹದಿನೈದು ದಿನದಲ್ಲಿ ಬಂದ್ ಆಗುತ್ತದೆ ಎನ್ನುವ ಧಮಕಿ. ಆಗ "ನಿಮ್ಮ ಎಟಿಎಂ ಬಂದ್ ಆಗತೈತಿ, ನಂಬರ ಹೇಳ್ರಿ" ಎಂದು ಮನೆಮನೆಗೆ ಕಳ್ಳರ ಫೋನು ಬರುತ್ತಿದ್ದ ಕಾಲ. ಇದೂ ಅಂಥದ್ದೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹೆಸರು. ಅಲಖನೂರಿನ ಒಂದೆರಡು ಮುದುಕಿಯರನ್ನು ಬಿಟ್ಟರೆ ಆ ಹೆಸರಿನಿಂದ ನನ್ನನ್ನು ಯಾರೂ ಕರೆಯುವುದಿಲ್ಲ. ಕಳ್ಳನಿಗೆ ಅದು ಸಿಕ್ಕದ್ದು ಎಲ್ಲಿ? ಬಿಡುಗಡೆ ಪತ್ರ ಯಾರ ಕೈಗಾದರೂ ಬಿದ್ದಿದೆಯೋ? ಪತ್ರವನ್ನು ಅಳಿಸಿಹಾಕಿದೆ. ಐದು ದಿನಕ್ಕೆ ಮತ್ತೊಂದು ಬಂತು. ಅದನ್ನೂ ಅಳಿಸಿದೆ. ಮೋಸ ಹೋಗುವ ಹೆಣ್ಣು ಆ ನೋಂದಣಿ ಕಚೇರಿಯಲ್ಲೇ ಸತ್ತಳು, ಈಗ ಇರುವವಳು ಬೇರೆ ಎಂದು ಹೆಮ್ಮೆಯೂ ಆಯಿತು.

ಆ ಹೆಮ್ಮೆಯಲ್ಲಿಯೇ ಇರಬೇಕು, ಅಷ್ಟು ವರ್ಷ ಬರೆಯದೇ ಇದ್ದದ್ದನ್ನು ಬರೆದೆ. ಬರಹದ ಹೆಸರು ಅಪ್ಪನ ಶಾಯಿ ಪೆನ್ನು. ಅಪ್ಪ ಅದನ್ನು ಅಂಗಿಯ ಒಳಜೇಬಿನಲ್ಲಿ ಇಡುತ್ತಿದ್ದದ್ದು, ಕಬ್ಬಿನ ಚೀಟಿಗಳಿಗೆ ಅದರಿಂದಲೇ ಸಹಿ ಮಾಡುತ್ತಿದ್ದದ್ದು, ಕೊನೆಗೆ ಆ ಪೆನ್ನನ್ನು ನನ್ನ ಕೈಗೆ ಕೊಟ್ಟು ಏನು ಬರೆಸಿಕೊಂಡರು ಎನ್ನುವುದು. ಯಾರ ಹೆಸರನ್ನೂ ಹಾಕಲಿಲ್ಲ. "ನನ್ನ ಅಣ್ಣ" ಎಂದು ಮಾತ್ರ ಬರೆದೆ. ಅದನ್ನು ಹಾಕಿದ ಮೂರನೆಯ ದಿನ ವಿಳಾಸ ಬಂದ್ ಆಯಿತು.

ಬ್ಲಾಗಿನ ಜಾಗದಲ್ಲಿ ಯಾವುದೋ ಜಾಹೀರಾತಿನ ಪುಟ. ಈ ವಿಳಾಸವನ್ನು ತಡೆಹಿಡಿಯಲಾಗಿದೆ, ಮಾಲೀಕರು ಸಂಪರ್ಕಿಸಬೇಕು ಎಂದು ಇಂಗ್ಲಿಷಿನಲ್ಲಿ ಇತ್ತು. ಮಾಲೀಕರು! ಇನ್ನೇನು ಪುರಾವೆ ಬೇಕು? ಓದಿದ್ದಾನೆ, ಉರಿದಿದೆ, ಮುಚ್ಚಿದ್ದಾನೆ. ಹೊಲದ ಮೇಲಿಂದ ತೆಗೆದವನು ಇಲ್ಲಿಂದಲೂ ತೆಗೆದ. ನಾನು ಟ್ರಂಕಿನಿಂದ ಎರಡೂ ಕಾಗದ ತೆಗೆದು ಚೀಲದಲ್ಲಿ ಹಾಕಿಕೊಂಡು ನಿಪ್ಪಾಣಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಯಬೇಕಾದದ್ದನ್ನು ಬಾಯಿಪಾಠ ಮಾಡಿದೆ. ಕಂಡಕ್ಟರ್ ಟಿಕೀಟು ಅಂದರೆ ಅವನನ್ನೂ ಬೈಯುವಷ್ಟು ಸಿಟ್ಟು.

ಅಂಗಡಿಯಲ್ಲಿ ಯಡೂರಿನ ಕಡೆಯ ಗಂಡ ಹೆಂಡತಿ ಮಗಳ ಲಗ್ನಪತ್ರಿಕೆ ಬರೆಸುತ್ತ ಕೂತಿದ್ದರು. ಅಣ್ಣ ಕಂಪ್ಯೂಟರಿನ ಮುಂದೆ ಕನ್ನಡಕ ಮೂಗಿಗಿಳಿಸಿ, "ಮಗಳ ಹೆಸರು ಮುಂದ ಬದಲಿ ಮಾಡ್ತಾರೇನ್ರಿ?" ಎಂದು ಕೇಳುತ್ತಿದ್ದ. "ಮಾಡ್ತಾರ್ರಿ, ಅವರ ಕಡೆ ಪದ್ಧತಿ" ಅಂದ ತಂದೆ. "ಇರಲಿ, ಇದರಾಗ ನೀವಿಟ್ಟಿದ್ದ ಹಾಕೂಣು" ಎಂದು ಅಣ್ಣ ತಿರುಗಿದ. ಬಾಗಿಲಲ್ಲಿ ನನ್ನನ್ನು ನೋಡಿ ಎದ್ದು ನಿಂತ.

"ಬಾ, ಕುಂದ್ರು. ಚಾ ತರಸ್ಲಿ?"

"ಚಾ ಕುಡಿಯಾಕ ಬಂದಿಲ್ಲ" ಅಂದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ಎರಡೂ ಕಾಗದವನ್ನು ಅವನ ಮೇಜಿನ ಮೇಲೆ ಬಡಿದೆ. "ಹೊಲಾ ತಗೊಂಡಿ. ಮನಿ ತಗೊಂಡಿ. ನಾ ಬರದದ್ದರ ನಂಗ ಬಿಡಬಾರದಿತ್ತೇನ? ಪೆನ್ನಿನ ಸುದ್ದಿ ಬರದೆ ಅಂತ ಮುಚ್ಚಿದಿ ಹೌದಿಲ್ಲೋ?"

ಗಂಡ ಹೆಂಡತಿ ಪತ್ರಿಕೆಯ ನಮೂನೆಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಅಣ್ಣ ಬಿಡುಗಡೆ ಪತ್ರವನ್ನು ಮುಟ್ಟಲಿಲ್ಲ. ಇನ್ನೊಂದು ಕಾಗದವನ್ನು ಎತ್ತಿ ನೋಡಿ, ತನ್ನ ಕಂಪ್ಯೂಟರಿನಲ್ಲಿ ಬಂದ್ ಆದ ಪುಟವನ್ನು ನೋಡಿ, "ನಿನಗ ಒಂದು ಈಮೇಲ್ ಬಂದಿರಬೇಕಲ್ಲ?" ಅಂದ.

"ಯಾವ್ದೂ ಬಂದಿಲ್ಲ. ಒಬ್ಬ ಕಳ್ಳ ಎರಡ ಸಲ ಬರದಿದ್ದ, ಅಳಿಸಿ ಒಗದೆ."

"ಕಳ್ಳ ಅಂತ ಹ್ಯಾಂಗ ಅಂದಿ?"

"ನನ್ನ ಹಳೇ ಹೆಸರು ಬರದಿದ್ದ. ಯಾರಿಗೂ ಗೊತ್ತಿಲ್ಲದ್ದು."

ಅಣ್ಣ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ವಿಳಾಸ ಕೊಂಡ ಖಾತೆಯನ್ನು ತೆರೆದ. ಹೊರಗಿನವರಿಗೆ ಗುಪ್ತವಾಗಿದ್ದ ಮಾಲೀಕರ ಪುಟ ಅಲ್ಲಿತ್ತು. ಸುಳ್ಳು ಹೆಸರುಗಳ ಕಾಟ ತಪ್ಪಿಸುವುದಕ್ಕೆ ಮಾಲೀಕರಿಗೇ ಒಂದು ಪತ್ರ ಕಳಿಸಿ ಒಪ್ಪಿಗೆ ತೆಗೆದುಕೊಳ್ಳುವುದು ವಿಳಾಸ ಮಾರಿದ ಕಂಪನಿಯ ನಿಯಮ, ಹದಿನೈದು ದಿನದೊಳಗೆ ಒಪ್ಪದಿದ್ದರೆ ತಾನಾಗಿಯೇ ಬಂದ್ ಆಗುತ್ತದೆ, ಮೊದಲ ವರ್ಷ ವಿವರ ಮುಚ್ಚಿಡುವುದೂ ಅವರದೇ ಪುಕ್ಕಟೆ ಸೌಕರ್ಯ ಎಂದು ಅಣ್ಣ ಏನೇನೋ ಹೇಳುತ್ತಿದ್ದ. ನನಗೆ ಕೇಳಿಸುತ್ತಿರಲಿಲ್ಲ. ಮಾಲೀಕರು ಎನ್ನುವ ಜಾಗದಲ್ಲಿ ನನ್ನ ಹುಟ್ಟಿದ ಹೆಸರಿತ್ತು. ನಡುವೆ ಅಪ್ಪನ ಹೆಸರು. ಮುಂದೆ ನಮ್ಮ ಅಡ್ಡಹೆಸರು. ಊರು ಅಲಖನೂರ. ಗುಣಾಕಾರ ತಪ್ಪಿದರೆ ಮಾಸ್ತರರು ಕೂಗುತ್ತಿದ್ದ ಪೂರಾ ಹೆಸರು, ಶಾಲೆಯ ಹಾಜರಿಯಲ್ಲಿ ಇದ್ದ ಹಾಗೇ.

"ಈ ಹೆಸರ ಯಾಕ ಬರದಿ?" ಎಂದು ಕೇಳಿದೆ. ದನಿ ಸಣ್ಣದಾಗಿತ್ತು.

"ಮತ್ಯಾವ್ದ ಬರೀಲಿ? ಮೊದಲಿಂದ ಓದಕೋಂತ ಬಂದೀನಿ. ಹಗೇವಿನಾಗ ಇಳದಾಕಿ, ಬೀಸೂಕಲ್ಲಿಗೆ ಜೋತ ಬಿದ್ದಾಕಿ, ಎಲ್ಲಾ ಈ ಹೆಸರಿನಾಕೀನ ಅಲ್ಲ? ಚಿಕ್ಕೋಡಿ ಮಾಸ್ತರ ಹೇಣ್ತಿಗೆ ಹಗೇವು ಎಲ್ಲಿ ಗೊತ್ತೈತಿ?"

"ಪೆನ್ನಿಂದೂ ಓದಿದೇನು?"

"ಓದಿದೆ." ಅವನು ಮೇಜಿನ ಮೇಲಿನ ಡಬ್ಬಿಯನ್ನು ನೋಡಿದ. ಪೆನ್ಸಿಲ್ಲು, ಕತ್ತರಿಗಳ ನಡುವೆ ಅಪ್ಪನ ಪೆನ್ನು ಇತ್ತು. "ಸುಳ್ಳೇನೂ ಬರದಿಲ್ಲ ನೀ. ಒಯ್ತೀಯೇನು ಅದನ್ನ?"

"ಬ್ಯಾಡ" ಅಂದೆ. ಆ ಪೆನ್ನನ್ನು ಮತ್ತೆ ಅವನ ಕೈಯಿಂದ ತೆಗೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಬಿಡುಗಡೆ ಪತ್ರದ ಮೇಲೆ ಬೆರಳಿಟ್ಟು ಕೇಳಿದೆ, "ಇದರಾಗ? ಹೊಲದ ಉತಾರದಾಗ ನನ್ನ ಹೆಸರು ತಿರುಗಿ ಹಚ್ತೀಯೇನು?"

ಅಣ್ಣ ತಲೆ ತಗ್ಗಿಸಿದ. "ಮನ್ಯಾಗ ನಾ ಒಬ್ಬನ ಇಲ್ಲ ಬೇ. ಹಿರಿಯಾವ ಅದಾನ, ವೈನಿ ಅದಾಳ, ಹುಡುಗೂರ ಅದಾರ. ನನ್ನ ಕೈಲಿ ಆಗೂದಿಲ್ಲ. ಕೈಲಿ ಆದದ್ದ ಇದೊಂದು."

ಒಂದು ನಿಮಿಷದ ಹಿಂದೆ ಅವನನ್ನು ಹೊಡೆಯಬೇಕು ಅನ್ನಿಸಿತ್ತು. ಈಗಲೂ ಅನ್ನಿಸುತ್ತಿತ್ತು. ಜೊತೆಗೆ ಸೈಕಲ್ಲಿನ ದಂಡಿಗೆ ಟವಲ್ ಸುತ್ತುತ್ತಿದ್ದ ಅವನ ಕೈಯೂ ನೆನಪಾಗುತ್ತಿತ್ತು. ಅವನನ್ನು ಕ್ಷಮಿಸಿದೆನೋ ಎಂದು ನಮ್ಮವರು ಈಗಲೂ ಕೇಳುತ್ತಾರೆ. ಇಲ್ಲ. ಹೊಲ ಹೊಲವೇ, ವಿಳಾಸ ವಿಳಾಸವೇ, ಒಂದರ ಬದಲಿಗೆ ಇನ್ನೊಂದು ತೂಗುವುದಿಲ್ಲ. ಆದರೆ ಅವತ್ತು ಅಂಗಡಿಯಲ್ಲಿ ನಾನು ಅತ್ತದ್ದು ಸಿಟ್ಟಿನಿಂದ ಅಲ್ಲ. ಯಡೂರಿನ ತಾಯಿ ತನ್ನ ಸೆರಗಿನಿಂದ ನನ್ನ ಮುಖ ಒರೆಸಿ, "ತವರಿನ ಮಾತು ಹಂಗ ಇರತೈತಿ ಬಿಡವ್ವಾ" ಅಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಎಲ್ಲ ಗೊತ್ತಿತ್ತು.

ಅಣ್ಣ ಕಂಪನಿಯಿಂದ ಆ ಪತ್ರವನ್ನು ಮೂರನೆಯ ಸಲ ಕಳಿಸಿದ. ಅವನ ಕಂಪ್ಯೂಟರಿನಲ್ಲೇ ನನ್ನ ಈಮೇಲು ತೆರೆದೆ. ಪಾಸ್‌ವರ್ಡು ಹೊಡೆಯುವಾಗ ಅವನು ಹೇಳದೆಯೇ ಆ ಕಡೆ ತಿರುಗಿ ನಿಂತ. ಪ್ರಿಯ ಎಂದು ಬರೆದು ಮುಂದೆ ನನ್ನ ಹೆಸರು. "ಒತ್ತು" ಅಂದ.

"ತಡಿ, ಓದ್ತೀನಿ" ಅಂದೆ.

ಅರ್ಥವಾಗದ ಇಂಗ್ಲಿಷ್ ಶಬ್ದಗಳಿಗೆ ಅವನನ್ನು ಕೇಳಲಿಲ್ಲ. ಅಂಗಡಿಯ ಡಿಕ್ಷನರಿ ತೆಗೆದು ಹುಡುಕಿದೆ. ಇಡೀ ಪತ್ರವನ್ನು ಓದಿದೆ, ಕೆಳಗಿನ ಸಣ್ಣಕ್ಷರಗಳನ್ನೂ ಓದಿದೆ, ಮತ್ತೆ ಮೇಲಿನಿಂದ ಓದಿದೆ. ಯಡೂರಿನವರು ಕಾಯ್ದರು. ಅಣ್ಣ ಕಾಯ್ದ. ಅವನು ತರಿಸಿದ್ದ ಚಹಾ ಆರಿತು. ಆಮೇಲೆ ಒತ್ತಿದೆ.

ಮರುದಿನ ಚಿಕ್ಕೋಡಿಯಲ್ಲಿ, ಬಾಂಡ್ ಬರೆಯುವವರು ಊಟಕ್ಕೆ ಹೋದ ಮೇಲೆ ನೋಡಿದಾಗ ಬ್ಲಾಗು ತಿರುಗಿ ಬಂದಿತ್ತು. ಅಪ್ಪನ ಪೆನ್ನಿನ ಬರಹ ಮೇಲೆಯೇ ಇತ್ತು, ಒಂದಕ್ಷರವೂ ಅಳಿಸಿರಲಿಲ್ಲ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಬರೆದವರ ಹೆಸರು ಎನ್ನುವ ಜಾಗ ಶುರುವಿನಿಂದಲೂ ಖಾಲಿ ಇತ್ತಲ್ಲ, ಅಲ್ಲಿ ನನ್ನ ಹುಟ್ಟಿದ ಹೆಸರನ್ನು ಬರೆದೆ. ಈ ಸಲ ಓದಿಯೇ ಸಹಿ ಮಾಡಿದೆ.